ನಿಲ್ಲದ ಸ್ವರಕ್ಕೆ ಹತ್ತು ಬೆರಳು

1939ರ ‘ದಿ ವಿಜರ್ಡ್ ಆಫ್ ಆಜ್’ ಚಿತ್ರಕ್ಕೆ ಹೆರಾಲ್ಡ್ ಆರ್ಲೆನ್ ಕಟ್ಟಿಕೊಟ್ಟ ‘ಓವರ್ ದ ರೇನ್‌ಬೋ’ ಹಾಡು ಶುರುವಾಗುವುದೇ ಒಂದು ನೆಗೆತದಿಂದ. ಕೆಳಗಿನ ಷಡ್ಜ, ಅಲ್ಲಿಂದ ನೇರ ಮೇಲಿನ ಷಡ್ಜ. ಜೂಡಿ ಗಾರ್ಲೆಂಡ್ ಹಾಡುವಾಗ ಆ ಮೇಲಿನ ಸ್ವರ ಹುಟ್ಟಿದ ಮೇಲೆ ತುಸು ಅರಳುತ್ತದೆ. ಹಾಡಿನ ಹಂಬಲವೆಲ್ಲ ಆ ಅರಳುವಿಕೆಯಲ್ಲೇ ಇದೆ. ಅದೇ ಎರಡು ಸ್ವರಗಳನ್ನು ಪಿಯಾನೋದಲ್ಲಿ ಒತ್ತಿ ನೋಡಿ. ಮೇಲಿನ ಸ್ವರ ಹುಟ್ಟಿದ ಕ್ಷಣದಲ್ಲೇ ಅತಿ ಗಟ್ಟಿ, ಅಲ್ಲಿಂದ ಮುಂದೆ ಬರೀ ಇಳಿಮುಖ. ಉಣ್ಣೆ ಹೊದಿಸಿದ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿದ ಮೇಲೆ ನುಡಿಸುವವನಿಗೆ ಆ ಸ್ವರದ ಮೇಲೆ ಹಿಡಿತವಿಲ್ಲ. ಅದನ್ನು ಹಿಗ್ಗಿಸಲಾಗದು, ಅಲುಗಿಸಲಾಗದು, ಪಕ್ಕದ ಸ್ವರಕ್ಕೆ ಜಾರಿಸಲಾಗದು. ಕರಗಲು ಬಿಡಬಹುದು, ಇಲ್ಲವೇ ಬೆರಳೆತ್ತಿ ಕತ್ತರಿಸಬಹುದು. ಆಯ್ಕೆ ಅಷ್ಟೇ.

ಎಲ್ಲರ ಬಾಯಲ್ಲಿರುವ ಹಾಡನ್ನು ಒಬ್ಬರೇ ಕೂತು ಪಿಯಾನೋದಲ್ಲಿ ನುಡಿಸುವ ಕಲೆಗೆ ಇಂದು ‘ಪಿಯಾನೋ ಕವರ್’ ಎಂಬ ಚಿಕ್ಕ ಹೆಸರಿದೆ. ಅದರ ಹಿಂದೆ ಇರುವ ಪರಂಪರೆ ಚಿಕ್ಕದಲ್ಲ. ಆ ಪರಂಪರೆಯನ್ನು ಅಳೆಯುವಾಗ ಸಾಮಾನ್ಯವಾಗಿ ಬೆರಳಿನ ವೇಗ, ಹಾರ್ಮನಿಯ ಹೊಸತನ, ಮೂಲಕ್ಕೆ ನಿಷ್ಠೆ ಇಂಥವನ್ನು ಮುಂದಿಡುತ್ತಾರೆ. ನನ್ನ ಕಿವಿ ಬೇರೊಂದು ಜಾಗದಲ್ಲಿ ನಿಲ್ಲುತ್ತದೆ. ಗಾಯಕಿ ಉಸಿರು ಹಿಡಿದು ಎಳೆಯುತ್ತಿದ್ದ ಸ್ವರ ಪಿಯಾನೋದಲ್ಲಿ ಆರುತ್ತಿರುವಾಗ ನುಡಿಸುವವರು ಏನು ಮಾಡುತ್ತಾರೆ? ಆ ಒಂದೆರಡು ಮಾತ್ರೆಗಳ ಖಾಲಿ ಜಾಗದಲ್ಲಿ ಅವರ ಅಭಿರುಚಿ, ಧೈರ್ಯ, ಹಾಡಿನ ಮೇಲಿನ ಪ್ರೀತಿ ಎಲ್ಲವೂ ಬಯಲಾಗುತ್ತದೆ. ಈ ಪರಂಪರೆಯ ದೊಡ್ಡವರೆಲ್ಲ ಆ ಖಾಲಿ ಜಾಗಕ್ಕೆ ತಮ್ಮದೇ ಉತ್ತರ ಕಂಡುಕೊಂಡವರು.

ಕೆಲಸದ ಸ್ವರೂಪ ಮೊದಲು ಸ್ಪಷ್ಟವಾಗಲಿ. ಗಾಯನ, ತಳದ ಬಾಸ್, ನಡುವೆ ಹಾರ್ಮನಿ ತುಂಬುವ ವಾದ್ಯಗಳು, ಲಯ, ಈ ನಾಲ್ಕೂ ಎರಡು ಕೈಗೆ ಬರಬೇಕು. ರೂಢಿಯ ಪಾಲುಪಟ್ಟಿಯಲ್ಲಿ ಹಾಡಿನ ಧಾಟಿ ಬಲಗೈಯ ಕಿರುಬೆರಳಿಗೆ, ಬಾಸ್ ಎಡಗೈಯ ಕಿರುಬೆರಳಿಗೆ. ಉಳಿದೆಲ್ಲ ಎರಡೂ ಕೈಯ ಹೆಬ್ಬೆರಳುಗಳ ಸುತ್ತಮುತ್ತ. ಅಂದರೆ ಹಾಡಬೇಕಾದ ಬೆರಳೇ ಕೈಯಲ್ಲಿ ಅತ್ಯಂತ ದುರ್ಬಲ ಬೆರಳು. ಒಂದೇ ಕೈಯ ಐದು ಬೆರಳುಗಳಲ್ಲಿ ಒಂದನ್ನು ಮಾತ್ರ ಗಟ್ಟಿಯಾಗಿ ಒತ್ತಿ ಮಿಕ್ಕವನ್ನು ಹಗುರವಾಗಿ ಇಡುವ ಸಾಧನೆಗೆ ವರ್ಷಗಳು ಬೇಕು. ಬಹುಪಾಲು ಕವರ್‌ಗಳು ಸೋಲುವುದು ಈ ಮೊದಲ ಮೆಟ್ಟಿಲಲ್ಲೇ. ಅಲ್ಲಿ ಎಲ್ಲ ಸ್ವರಗಳೂ ಸಮಾನ ಗಟ್ಟಿಯಾಗಿ ಕೇಳಿಸಿ, ಹಾಡು ಗದ್ದಲದೊಳಗೆ ಕಳೆದುಹೋಗುತ್ತದೆ.

ಹತ್ತೊಂಬತ್ತನೇ ಶತಮಾನದ ಪ್ಯಾರಿಸ್‌ನಲ್ಲಿ ಸಿಗಿಸ್ಮಂಡ್ ಥಾಲ್ಬರ್ಗ್ ಈ ಪಾಲುಪಟ್ಟಿಯನ್ನೇ ಬದಲಿಸಿದ್ದ. ಧಾಟಿಯನ್ನು ವಾದ್ಯದ ನಡುಭಾಗಕ್ಕೆ ತಂದು ಎರಡೂ ಹೆಬ್ಬೆರಳುಗಳಿಗೆ ಹಂಚಿದ. ಉಳಿದ ಬೆರಳುಗಳು ಮೇಲೂ ಕೆಳಗೂ ಅಲೆಗಳನ್ನು ಎಬ್ಬಿಸುತ್ತಿದ್ದವು. ಕೇಳಿದವರಿಗೆ ಮೂರು ಕೈ ಇದ್ದಂತೆ ಅನಿಸುತ್ತಿತ್ತು. ಹೆಬ್ಬೆರಳು ಬಲಶಾಲಿ, ನಡುಭಾಗದ ತಂತಿಗಳು ಮೇಲಿನವಕ್ಕಿಂತ ಹೆಚ್ಚು ಹೊತ್ತು ಮಿಡಿಯುತ್ತವೆ, ಮನುಷ್ಯನ ಕಂಠದ ವ್ಯಾಪ್ತಿಯೂ ಅದೇ. 1837ರ ಮಾರ್ಚ್‌ನಲ್ಲಿ ರಾಜಕುಮಾರಿ ಬೆಲ್ಜಿಯೋಜೋಸೊ ಮನೆಯಲ್ಲಿ ಅವನಿಗೂ ಫ್ರಾನ್ಜ್ ಲಿಸ್ಟ್‌ಗೂ ನಡೆದ ಸ್ಪರ್ಧೆ ಸಂಗೀತ ಚರಿತ್ರೆಯಲ್ಲಿ ಪ್ರಸಿದ್ಧ. ಇತಿಹಾಸ ಲಿಸ್ಟ್‌ನನ್ನು ಎತ್ತಿ ಹಿಡಿಯಿತು. ಆದರೆ ಥಾಲ್ಬರ್ಗ್‌ನ ಹೆಬ್ಬೆರಳಿನ ಉಪಾಯವನ್ನು ಲಿಸ್ಟ್ ಕೂಡ ಬಳಸಿದ, ಇಂದಿಗೂ ಒಳ್ಳೆಯ ಕವರ್‌ಗಳಲ್ಲಿ ಅದು ಜೀವಂತವಾಗಿದೆ.

ಲಿಸ್ಟ್ ಶೂಬರ್ಟ್‌ನ ಹಾಡುಗಳನ್ನು ಪಿಯಾನೋಗೆ ಇಳಿಸಿದ ಬಗೆಯಲ್ಲಿ ಒಂದು ಸೂಕ್ಷ್ಮ ನನಗೆ ಬಹಳ ಹಿಡಿಸುತ್ತದೆ. ಅಚ್ಚಾದ ಹಾಳೆಯಲ್ಲಿ ಹಾಡುವವರು ಯಾರೂ ಇಲ್ಲದಿದ್ದರೂ ಸ್ವರಗಳ ಜೊತೆಗೆ ಹಾಡಿನ ಸಾಹಿತ್ಯ ಮುದ್ರಿತವಾಗಿರುತ್ತಿತ್ತು. ನುಡಿಸುವವರ ಕಣ್ಣಿಗೆ ಮಾತು ಬೀಳಬೇಕು, ಎಲ್ಲಿ ಉಸಿರು ಎಲ್ಲಿ ಒತ್ತು ಎಂಬುದು ತಿಳಿಯಬೇಕು. ‘ಸ್ಟೆಂಡ್‌ಖೆನ್’ ಎಂಬ ಪ್ರೇಮಗೀತೆಯನ್ನು ಅವನು ಚರಣದಿಂದ ಚರಣಕ್ಕೆ ಬೇರೆ ಬೇರೆ ಸ್ಥಾಯಿಗೆ ಒಯ್ಯುತ್ತಾನೆ. ಒಂದು ಕಡೆ ಗಂಡು ಕಂಠದ ಎತ್ತರ, ಮುಂದೆ ಮೇಲಿನ ಸ್ಥಾಯಿಯಿಂದ ಮಾರ್ದನಿ. ಗಾಯಕ ವಾಕ್ಯ ಮುಗಿಸಿ ನಿಂತಾಗ ಆ ಮಾರ್ದನಿ ಅದೇ ವಾಕ್ಯವನ್ನು ಹಿಂಬಾಲಿಸಿ ಬರುತ್ತದೆ. ಖಾಲಿ ಜಾಗಕ್ಕೆ ಲಿಸ್ಟ್ ಕೊಟ್ಟ ಉತ್ತರ ಇದು: ಸ್ವರ ಆರುವ ಮುನ್ನ ಹಾಡೇ ತನಗೆ ತಾನು ಓಗೊಡಲಿ.

ಇದೆಲ್ಲ ಬರೆದಿಟ್ಟ ಸಂಗೀತ. ಕೂತಲ್ಲೇ ಕಟ್ಟಿ ನುಡಿಸುವ ಪರಂಪರೆ ಬೆಳೆದದ್ದು ಇಪ್ಪತ್ತನೇ ಶತಮಾನದ ನ್ಯೂಯಾರ್ಕ್‌ನಲ್ಲಿ, ಹಾಡು ಮಾರುವ ಅಂಗಡಿಗಳಲ್ಲಿ ಮತ್ತು ಹಾರ್ಲೆಮ್‌ನ ಬಾಡಿಗೆ ಮನೆಗಳಲ್ಲಿ. ಟಿನ್ ಪ್ಯಾನ್ ಅಲಿ ಎಂಬ ಬೀದಿಯ ಪ್ರಕಾಶಕರು ಹೊಸ ಹಾಡಿನ ಹಾಳೆಗಳನ್ನು ಮಾರಲು ಹುಡುಗರನ್ನು ಪಿಯಾನೋ ಮುಂದೆ ಕೂರಿಸಿ ದಿನವಿಡೀ ನುಡಿಸುವಂತೆ ಮಾಡುತ್ತಿದ್ದರು. ಜಾರ್ಜ್ ಗರ್ಶ್ವಿನ್ ಹದಿನೈದರ ಹರೆಯದಲ್ಲಿ ರೆಮಿಕ್ ಕಂಪನಿಯಲ್ಲಿ ಅದೇ ಕೆಲಸಕ್ಕೆ ಸೇರಿದ. ಒಂದೇ ಹಾಡನ್ನು ದಿನಕ್ಕೆ ಎಷ್ಟೋ ಸಲ ನುಡಿಸುವವನಿಗೆ ಪ್ರತಿ ಸಲ ಬೇರೆ ಥರ ನುಡಿಸುವ ಚಪಲ ಬಂದೇ ಬರುತ್ತದೆ. 1932ರಲ್ಲಿ ಅವನು ಹೊರತಂದ ಹಾಡಿನ ಪುಸ್ತಕದಲ್ಲಿ ತನ್ನ 18 ಹಾಡುಗಳಿಗೂ ಎರಡೆರಡು ರೂಪ ಕೊಟ್ಟಿದ್ದಾನೆ. ಒಂದು ಅಂಗಡಿಯಲ್ಲಿ ಸಿಗುವ ಸರಳ ರೂಪ, ಇನ್ನೊಂದು ಔತಣಕೂಟಗಳಲ್ಲಿ ತಾನು ನುಡಿಸುತ್ತಿದ್ದ ರೂಪ. ಮುನ್ನುಡಿಯಲ್ಲಿ ಒಂದು ಎಚ್ಚರಿಕೆಯೂ ಇದೆ: ರೊಮ್ಯಾಂಟಿಕ್ ಸಂಗೀತ ನಮಗೆ ಸ್ವರಗಳನ್ನು ಹೊಸೆದು ನುಡಿಸಲು ಕಲಿಸಿದೆ, ಆದರೆ ಅಮೆರಿಕದ ಜನಪ್ರಿಯ ಸಂಗೀತಕ್ಕೆ ಬೇಕಾದದ್ದು ಬಿಡಿಬಿಡಿಯಾದ, ಚುರುಕಾದ ಸ್ವರ, ಸ್ವರ ಹಿಡಿದಿಡುವ ಪೆಡಲ್ ಕಡಿಮೆ ಮಾಡಿ ಎಂಬುದು ಅದರ ಸಾರ. ಸ್ವರ ನಿಲ್ಲದಿದ್ದರೆ ನಿಲ್ಲದಿರಲಿ, ಅದನ್ನು ಲಯವಾಗಿ ಬಳಸು ಎಂಬ ಈ ನಿಲುವು ಲಿಸ್ಟ್‌ನ ದಾರಿಗೆ ತೀರಾ ವಿರುದ್ಧ.

ಹಾರ್ಲೆಮ್‌ನ ಜೇಮ್ಸ್ ಪಿ. ಜಾನ್ಸನ್, ಫ್ಯಾಟ್ಸ್ ವಾಲರ್, ವಿಲ್ಲಿ ಸ್ಮಿತ್ ಇವರ ಸ್ಟ್ರೈಡ್ ಶೈಲಿ ಅದೇ ನಿಲುವಿನ ಪೂರ್ಣ ರೂಪ. ಎಡಗೈ ಒಂದನೇ ಮತ್ತು ಮೂರನೇ ಮಾತ್ರೆಗೆ ಮಂದ್ರದ ಆಳಕ್ಕೆ ಹೋಗಿ, ಎರಡು–ನಾಲ್ಕಕ್ಕೆ ನಡುಭಾಗದ ಕಾರ್ಡ್‌ಗೆ ಹಾರುತ್ತದೆ. ಡ್ರಮ್ಮೂ ಬೇಡ, ಬಾಸೂ ಬೇಡ. ಬಾಡಿಗೆ ಹಣ ಕೂಡಿಸಲು ನಡೆಸುತ್ತಿದ್ದ ಪಾರ್ಟಿಗಳಲ್ಲಿ ಒಬ್ಬನೇ ಇಡೀ ಕೋಣೆಯನ್ನು ಕುಣಿಸಬೇಕಿತ್ತು. ಜಾನ್ಸನ್‌ನ ‘ಕೆರೊಲೈನಾ ಶೌಟ್’ ಕಾಗದದ ರೋಲನ್ನು ಯಂತ್ರದ ಪಿಯಾನೋದಲ್ಲಿ ನಿಧಾನವಾಗಿ ಓಡಿಸಿ, ತಾವಾಗಿಯೇ ಕೆಳಗಿಳಿಯುವ ಮನೆಗಳ (ಕೀಗಳ) ಮೇಲೆ ಬೆರಳಿಟ್ಟು ಯುವಕ ಡ್ಯೂಕ್ ಎಲಿಂಗ್ಟನ್ ಅದನ್ನು ಕಲಿತ.

ಈ ಎಲ್ಲ ಧಾರೆಗಳೂ ಬಂದು ಸೇರುವ ಜಾಗ ಆರ್ಟ್ ಟೇಟಮ್. ಓಹಾಯೋದ ಟೊಲೀಡೊ ಪಟ್ಟಣದಲ್ಲಿ 1909ರಲ್ಲಿ ಹುಟ್ಟಿದ ಆತನಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ, ಇನ್ನೊಂದರಲ್ಲಿ ಅಲ್ಪಸ್ವಲ್ಪ ದೃಷ್ಟಿ. ಅಡೆಲೇಡ್ ಹಾಲ್ ಎಂಬ ಗಾಯಕಿಯ ಪಕ್ಕವಾದ್ಯಗಾರನಾಗಿ 1932ರಲ್ಲಿ ನ್ಯೂಯಾರ್ಕಿಗೆ ಬಂದ. 1933ರ ಮಾರ್ಚ್‌ನಲ್ಲಿ ತನ್ನ ಮೊದಲ ಒಂಟಿ ರೆಕಾರ್ಡುಗಳನ್ನು ಕೊಟ್ಟ. ಅವುಗಳಲ್ಲಿ ವಿನ್ಸೆಂಟ್ ಯೂಮನ್ಸ್‌ನ ‘ಟೀ ಫಾರ್ ಟೂ’ ಇದೆ. ಆ ಹಾಡಿನ ಮೂಲ ಧಾಟಿಯಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಎರಡು ಸ್ವರ ಕುಪ್ಪಳಿಸುವ ಒಂದು ಪುಟ್ಟ ಅಚ್ಚು, ಅದೇ ಅಚ್ಚು ಮತ್ತೆ ಮತ್ತೆ. ಚಂದವಿರುವುದು ಎಂಟು ಪಟ್ಟುಗಳಾದ (ಬಾರ್‌ಗಳಾದ) ಮೇಲೆ ಶ್ರುತಿ ಎ ಫ್ಲ್ಯಾಟ್‌ನಿಂದ ಏಕಾಏಕಿ ಸಿ ಮೇಜರ್‌ಗೆ ಜಿಗಿಯುವುದರಲ್ಲಿ. ಟೇಟಮ್ ಅದನ್ನು ಗುರುತಿಸಿದ. ಹಾಡೇ ಒಂದು ಸಲ ಹೀಗೆ ಜಿಗಿಯಬಹುದಾದರೆ ತಾನು ಪಟ್ಟು ಪಟ್ಟಿಗೂ ಏಕೆ ಜಿಗಿಯಬಾರದು? ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ನೇರ ದಾರಿ ಬಿಟ್ಟು ಅರ್ಧ ಸ್ವರದ ಮೆಟ್ಟಿಲುಗಳಲ್ಲಿ ಜಾರುತ್ತಾನೆ, ಎಲ್ಲಿಗೋ ಹೋಗಿಬಿಟ್ಟ ಎನ್ನುವಷ್ಟರಲ್ಲಿ ಸರಿಯಾದ ಮಾತ್ರೆಗೆ ಸರಿಯಾದ ಮನೆಯ ಮೇಲೆ ಬಂದು ನಿಂತಿರುತ್ತಾನೆ. ಉದ್ದ ಸ್ವರ ಬಂದಲ್ಲೆಲ್ಲ ಮೇಲಿನ ತುದಿಯಿಂದ ಕೆಳತನಕ ಒಂದು ಓಟ. ಒಂದು ಸ್ವರ ಆರುವ ಮೊದಲೇ ಇಪ್ಪತ್ತು ಸ್ವರಗಳು ಆ ಜಾಗವನ್ನು ಆಕ್ರಮಿಸಿರುತ್ತವೆ.

ನಿರ್ಮಾಪಕ ನಾರ್ಮನ್ ಗ್ರಾಂಜ್ 1953ರ ಡಿಸೆಂಬರ್‌ನಿಂದ ಟೇಟಮ್‌ನನ್ನು ಸ್ಟುಡಿಯೋದಲ್ಲಿ ಕೂರಿಸಿ ಗೊತ್ತಿದ್ದ ಹಾಡುಗಳನ್ನೆಲ್ಲ ನುಡಿಸಲು ಬಿಟ್ಟ. ಆ ರೆಕಾರ್ಡುಗಳು ಹೊರಬಂದಾಗ, 1955ರಲ್ಲಿ, ಫ್ರಾನ್ಸಿನ ವಿಮರ್ಶಕ ಆಂದ್ರೆ ಒದೇರ್ ‘ಡೌನ್ ಬೀಟ್’ ಪತ್ರಿಕೆಯಲ್ಲಿ ಎತ್ತಿದ ತಕರಾರು ಈ ಇಡೀ ಪರಂಪರೆಗೆ ಹಾಕಿದ ದೊಡ್ಡ ಪ್ರಶ್ನೆ. ಟೇಟಮ್ ಹಾಡಿನ ಧಾಟಿಯನ್ನು ಬಿಡುವುದೇ ಇಲ್ಲ. ಅದನ್ನು ಅಲಂಕರಿಸುತ್ತಾನೆ, ಅದರಿಂದ ಹೊಸ ಧಾಟಿ ಹುಟ್ಟಿಸುವುದಿಲ್ಲ. ಆಯ್ದುಕೊಂಡ ಹಾಡುಗಳೂ ಸಾಧಾರಣದವು. ಒದೇರ್‌ನ ಮಾತಿನ ತಿರುಳು ಇದು. ಪಿಯಾನೋ ವಾದಕ ಬಿಲ್ಲಿ ಟೇಲರ್ ಅದಕ್ಕೆ ಬಿಸಿಯಾಗಿಯೇ ಉತ್ತರ ಕೊಟ್ಟ.

ಒದೇರ್ ಕೇಳಿಸಿಕೊಂಡದ್ದು ಸುಳ್ಳಲ್ಲ. ಟೇಟಮ್‌ನ ಎಷ್ಟೋ ನಿರೂಪಣೆಗಳು ದಶಕಗಳ ಅಂತರದಲ್ಲೂ ಹೆಚ್ಚು ಬದಲಾಗಲಿಲ್ಲ. ದ್ವೋರ್ಜಾಕ್‌ನ ‘ಹ್ಯೂಮರೆಸ್ಕ್’ ಮೇಲಿನ ನಿರೂಪಣೆಯ 1940ರ ರೆಕಾರ್ಡನ್ನೂ ಐವತ್ತರ ದಶಕದ್ದನ್ನೂ ಒಟ್ಟಿಗಿಟ್ಟು ಕೇಳಿದರೆ ನಕ್ಷೆ ಒಂದೇ ಎಂಬುದು ತಿಳಿಯುತ್ತದೆ. ಕೂತಲ್ಲೇ ಹುಟ್ಟಿದಂತೆ ಕೇಳುವ ಓಟಗಳು ಹಲವು ವೇಳೆ ಮೊದಲೇ ಗಟ್ಟಿಯಾದವು. ಒದೇರ್ ಸೋತದ್ದು ಇದನ್ನು ಕೊರತೆ ಎಂದು ಭಾವಿಸಿದ್ದರಲ್ಲಿ. ಕೃತಿಯೊಂದರ ಪಲ್ಲವಿಗೆ ಸಂಗತಿ ಮೇಲೆ ಸಂಗತಿ ಹಾಕುತ್ತ ಹೋಗುವುದನ್ನು ಕೇಳಿ ಬೆಳೆದ ನಮ್ಮ ಕಿವಿಗೆ ಈ ಕ್ರಮ ಅಪರಿಚಿತವೇನಲ್ಲ. ಸಾಲು ಅದೇ, ಸಾಹಿತ್ಯ ಅದೇ, ಸಂಗತಿಗಳೂ ಪಾಠಾಂತರದಲ್ಲಿ ಬಂದವೇ. ಆದರೂ ಪ್ರತಿ ಸಂಗತಿ ಸಾಲಿನ ಒಳಗಿದ್ದ ಒಂದು ಸಾಧ್ಯತೆಯನ್ನು ಹೊರಗೆಳೆಯುತ್ತದೆ. ಟೇಟಮ್‌ನಲ್ಲಿ ಧಾಟಿ ಉಳಿಯುವುದೇ ಅವನ ಸಾಹಸಕ್ಕೆ ಅಳತೆಗೋಲು. ನೆಲ ಕಣ್ಣಿಗೆ ಬೀಳುತ್ತಿದ್ದರೆ ತಾನೇ ಎತ್ತರ ಗೊತ್ತಾಗುವುದು?

ಹಾಗೆಂದು ಟೇಟಮ್ ಬಗ್ಗೆ ನನಗೆ ತಕರಾರೇ ಇಲ್ಲವೆಂದಲ್ಲ. ನಿಧಾನಗತಿಯ ಹಾಡುಗಳಲ್ಲಿ ಅವನ ಉತ್ತರ ಒಂದೇ ತೆರನಾಗುತ್ತದೆ. ‘ಓವರ್ ದ ರೇನ್‌ಬೋ’ವನ್ನೂ ಅವನು ಹಲವು ಬಾರಿ ರೆಕಾರ್ಡ್ ಮಾಡಿದ್ದಾನೆ. ಹಾರ್ಮನಿ ಬೆರಗು ಹುಟ್ಟಿಸುತ್ತದೆ. ಆದರೆ ಆ ಮೊದಲ ನೆಗೆತದ ನಂತರದ ಹಂಬಲಕ್ಕೆ ಅವನು ಜಾಗ ಬಿಡುವುದಿಲ್ಲ. ಬಿಡುವು ಕಂಡಲ್ಲೆಲ್ಲ ಬೆರಳು ಓಡುತ್ತದೆ. ಅವನನ್ನು ಅನುಕರಿಸಿದ ಮುಂದಿನ ಎರಡು ತಲೆಮಾರಿನ ಹೋಟೆಲ್ ಪಿಯಾನೋ ವಾದಕರು ಅವನ ಹಾರ್ಮನಿಯ ಬುದ್ಧಿಯನ್ನು ಬಿಟ್ಟು ಓಟಗಳನ್ನಷ್ಟೇ ಎತ್ತಿಕೊಂಡರು. 1955ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ರೋಜರ್ ವಿಲಿಯಮ್ಸ್‌ನ ‘ಆಟಮ್ ಲೀವ್ಸ್’ ಅಂಥದ್ದು. ಎಲೆ ಉದುರುವುದನ್ನು ತೋರಿಸಲು ಮೇಲಿಂದ ಕೆಳಕ್ಕೆ ಸುರಿಯುವ ಸ್ವರಗಳು, ಮತ್ತೆ ಅವೇ, ಮತ್ತೆ ಅವೇ. ಜೋಸೆಫ್ ಕೊಸ್ಮಾನ ವಿಷಾದದ ಧಾಟಿ ಅದರಡಿ ಮುಳುಗಿಹೋಯಿತು.

ಟೇಟಮ್‌ನ ಎದುರು ತುದಿಯಲ್ಲಿ ಥೆಲೋನಿಯಸ್ ಮಂಕ್ ನಿಲ್ಲುತ್ತಾನೆ. ಸ್ಟ್ರೈಡ್ ಪರಂಪರೆಯಿಂದಲೇ ಬಂದವನು. 1965ರ ‘ಸೋಲೋ ಮಂಕ್’ ರೆಕಾರ್ಡಿನ ಮೊದಲ ಹಾಡು ‘ಡೈನಾ’ವನ್ನು ಕೇಳಿದರೆ ಜೇಮ್ಸ್ ಪಿ. ಜಾನ್ಸನ್‌ನ ಎಡಗೈ ಅಲ್ಲೇ ಇದೆ, ತುಸು ಕುಂಟುತ್ತ, ಬೇಕೆಂದೇ ಎಡವುತ್ತ. ಧಾಟಿಯ ಪಕ್ಕದಲ್ಲಿ ಅರ್ಧ ಸ್ವರದಷ್ಟು ದೂರದ ಇನ್ನೊಂದು ಸ್ವರವನ್ನು ಒಟ್ಟಿಗೆ ಒತ್ತಿಬಿಡುತ್ತಾನೆ. ಎರಡು ಮನೆಗಳ ನಡುವಿನ, ಪಿಯಾನೋದಲ್ಲಿ ಇಲ್ಲದ ಸ್ವರವನ್ನು ಹುಡುಕುವಂತೆ ಕೇಳುತ್ತದೆ ಅದು. ಗಾಯಕರು ಸುಲಭವಾಗಿ ಮುಟ್ಟುವ ಆ ಜಾಗವನ್ನು ಮುಟ್ಟಲು ಪಿಯಾನೋಗೆ ಇದಕ್ಕಿಂತ ಪ್ರಾಮಾಣಿಕ ದಾರಿ ಇದೆಯೇ?

ಇನ್ನೂ ಹತ್ತಿರದಿಂದ ನೋಡಬೇಕಾದದ್ದು 1957ರ ‘ಥೆಲೋನಿಯಸ್ ಹಿಮ್‌ಸೆಲ್ಫ್’ ಸಂಗ್ರಹದ ‘ಐ ಶುಡ್ ಕೇರ್’. ತಾಳದ ಓಟವಿಲ್ಲ. ಒಂದು ಕಾರ್ಡನ್ನು ಗಟ್ಟಿಯಾಗಿ ಬಡಿಯುತ್ತಾನೆ, ಸುಮ್ಮನಾಗುತ್ತಾನೆ. ಬಳಿಕ ಒಂದೊಂದೇ ಬೆರಳನ್ನು ಮೇಲೆತ್ತುತ್ತಾನೆ. ಗದ್ದಲದ ಗೊಂಚಲಿನಿಂದ ಸ್ವರಗಳು ಒಂದೊಂದಾಗಿ ಕಳಚಿ ಕೊನೆಗೆ ಉಳಿಯುವುದು ಧಾಟಿಯ ಸ್ವರ. ಅದು ಆ ಕ್ಷಣದಲ್ಲಿ ಹುಟ್ಟಿತೇನೋ ಅನಿಸುತ್ತದೆ, ಆದರೆ ಅದನ್ನು ಒತ್ತಿದ್ದು ಆಗಲೇ. ಪಿಯಾನೋದ ಸ್ವರ ಹುಟ್ಟಿದ ಮೇಲೆ ಬೆಳೆಯಲಾರದು ಎಂದೆನಲ್ಲ. ಸುತ್ತಲಿನದನ್ನು ಆರಿಸುವ ಮೂಲಕ ಮಂಕ್ ಅದನ್ನು ಬೆಳೆಸಿ ತೋರಿಸಿದ. ಲಿಸ್ಟ್ ಮಾರ್ದನಿಯಿಂದ, ಟೇಟಮ್ ಓಟದಿಂದ ತುಂಬಿದ ಜಾಗವನ್ನು ಮಂಕ್ ಖಾಲಿ ಇಟ್ಟ, ಆ ಖಾಲಿತನವನ್ನೇ ಕೇಳುವಂತೆ ಮಾಡಿದ. ಈ ಪರಂಪರೆಯ ಅತ್ಯಂತ ಆಳವಾದ ಶೋಧ ಯಾವುದೆಂದು ಕೇಳಿದರೆ ನಾನು ಇದರತ್ತ ಬೆರಳು ತೋರಿಸುತ್ತೇನೆ.

ಬಿಲ್ ಎವನ್ಸ್‌ನ ಉತ್ತರ ಕಾರ್ಡ್‌ಗಳ ಒಳಗೆ ಅಡಗಿದೆ. ಮೇಲೆ ಧಾಟಿಯ ಸ್ವರ ಕರಗುತ್ತಿರುವಾಗ ನಡುವಿನ ಬೆರಳೊಂದು ಪಕ್ಕದ ಮನೆಗೆ ಸರಿಯುತ್ತದೆ, ಅದರ ಹಿಂದೆ ಇನ್ನೊಂದು. ಮೇಲೆ ಏನೂ ಆಗದಿದ್ದರೂ ಅದೇ ಸ್ವರದ ಬಣ್ಣ ಬದಲಾಗಿರುತ್ತದೆ. ಈ ಒಳಧ್ವನಿಗಳ ಚಲನೆಯನ್ನು 1968ರಲ್ಲಿ ರೆಕಾರ್ಡ್ ಮಾಡಿದ ‘ಅಲೋನ್’ ಸಂಗ್ರಹದಲ್ಲಿ, ಅದರಲ್ಲೂ 14 ನಿಮಿಷ ಮೀರುವ ‘ನೆವರ್ ಲೆಟ್ ಮಿ ಗೋ’ದಲ್ಲಿ, ಬಿಡಿಸಿ ಕೇಳಬಹುದು. ಹಾಡು ಒಂದು ಹಂತದಲ್ಲಿ ಮೇಲ್ಮೈಯಿಂದ ಮರೆಯಾದರೂ ಅದರ ಎಲುಬಿನ ಗೂಡು ಎಲ್ಲೂ ಸಡಿಲವಾಗುವುದಿಲ್ಲ.

ಎವನ್ಸ್ ಕಲಿಯುವವರಿಗೆ ಹೇಳಿದ ಮಾತು ಇಂದಿನ ಕವರ್ ಹುಚ್ಚಿಗೆ ನೇರವಾಗಿ ತಾಗುತ್ತದೆ. 1966ರ ‘ದಿ ಯೂನಿವರ್ಸಲ್ ಮೈಂಡ್ ಆಫ್ ಬಿಲ್ ಎವನ್ಸ್’ ಎಂಬ ಚಿತ್ರದಲ್ಲಿ ಅಣ್ಣ ಹ್ಯಾರಿಯ ಜೊತೆ ಕೂತು ‘ಹೌ ಅಬೌಟ್ ಯೂ’ ಹಾಡನ್ನು ತೆಗೆದುಕೊಳ್ಳುತ್ತಾನೆ. ಮೊದಲು ತೀರಾ ಸರಳವಾದ ಚೌಕಟ್ಟಿನಲ್ಲಿ, ಆದರೆ ಪ್ರತಿ ಸ್ವರವೂ ಯಾಕೆ ಅಲ್ಲಿದೆ ಎಂಬುದು ತಿಳಿದು ನುಡಿಸುತ್ತಾನೆ. ಆಮೇಲೆ ಅದೇ ಹಾಡನ್ನು ದೊಡ್ಡ ವಾದಕರ ಶೈಲಿಯ ಹೊಳಪನ್ನೆಲ್ಲ ತೋರಿಸುತ್ತ, ಒಳಗೆ ಮಾತ್ರ ಅಂದಾಜಿನ ಮೇಲೆ, ಮಸುಕಾಗಿ ನುಡಿಸುತ್ತಾನೆ. ಎರಡನೆಯದು ಥಟ್ಟನೆ ಹೆಚ್ಚು ಆಕರ್ಷಕ. ಮೊದಲನೆಯದರ ಮೇಲೆ ಕಟ್ಟಬಹುದು, ಎರಡನೆಯದರ ಮೇಲೆ ಏನೂ ಕಟ್ಟಲಾಗದು ಎಂಬುದು ಅವನ ವಾದ. ಸರಳವಾದರೂ ನಿಜವಾದದ್ದನ್ನೇ ಹಿಡಿ ಎಂಬ ಪಾಠ ಕೇಳಲು ಸುಲಭ. ಎರಡೂ ರೂಪಗಳನ್ನು ಅವನ ಬೆರಳಲ್ಲೇ ಕೇಳಿದಾಗ ಅದರ ಕಠಿಣತೆ ಅರ್ಥವಾಗುತ್ತದೆ.

ಹೋಟೆಲ್ ಮತ್ತು ಬಾರ್‌ಗಳ ಪಿಯಾನೋ ವಾದಕರನ್ನು ಮೇಲೆ ತುಸು ಕಟುವಾಗಿಯೇ ಆಡಿಕೊಂಡೆ. ಆ ಲೋಕದಿಂದಲೇ ಬಂದ ಡೇವ್ ಮೆಕೆನ್ನಾ ಎಂಬಾತನನ್ನು ಹೊರಗಿಟ್ಟರೆ ಅನ್ಯಾಯವಾಗುತ್ತದೆ. ಬೋಸ್ಟನ್ನಿನ ಕಾಪ್ಲಿ ಪ್ಲಾಜಾ ಹೋಟೆಲಿನಲ್ಲಿ ಎಂಬತ್ತರ ದಶಕದಲ್ಲಿ ವರ್ಷಗಟ್ಟಲೆ ನುಡಿಸಿದ, ತನ್ನನ್ನು ಬಾರ್ ಪಿಯಾನೋ ವಾದಕ ಎಂದೇ ಕರೆದುಕೊಂಡ. ಎಡಗೈ ಡಬಲ್ ಬಾಸ್‌ನಂತೆ ಮಾತ್ರೆಗೊಂದು ಸ್ವರ ನಡೆಯುತ್ತಿದ್ದರೆ ಬಲಗೈ ಧಾಟಿಯನ್ನು ಒಂದೇ ಎಳೆಯಲ್ಲಿ ಎಳೆಯುತ್ತಿತ್ತು. ಶೀರ್ಷಿಕೆಯಲ್ಲಿ ಒಂದೇ ಪದವನ್ನು ಹಂಚಿಕೊಂಡ ಹಾಡುಗಳನ್ನು ಸಾಲಾಗಿ ಪೋಣಿಸುವುದು ಅವನ ಇಷ್ಟದ ಆಟ. ಬರ್ಕ್ಲಿಯ ಮೇಬೆಕ್ ರಿಸೈಟಲ್ ಹಾಲ್ ಎಂಬ ಪುಟ್ಟ ಸಭಾಂಗಣದಲ್ಲಿ ಕಾನ್‌ಕಾರ್ಡ್ ಕಂಪನಿ 1989ರಿಂದ ರೆಕಾರ್ಡ್ ಮಾಡಿದ ಒಂಟಿ ಪಿಯಾನೋ ಸರಣಿಯಲ್ಲಿ ಅವನದೂ ಒಂದು ಸಂಪುಟವಿದೆ. 42 ಸಂಪುಟಗಳ ಆ ಸರಣಿಯಲ್ಲಿ ಒಂದೇ ಕೋಣೆಯಲ್ಲಿ ಎಷ್ಟು ಬಗೆಯ ಕೈಗಳು ಹಳೆಯ ಹಾಡುಗಳನ್ನು ಹೇಗೆಲ್ಲ ಬಿಡಿಸಿವೆ ಎಂಬುದನ್ನು ಕೇಳಬಹುದು. ಪಿಯಾನೋ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ನನಗೆ ಗೊತ್ತಿಲ್ಲ.

ಕೀತ್ ಜ್ಯಾರೆಟ್ ಹೆಸರು ಬಂದರೆ 1975ರ ಕೋಲ್ನ್ ಕಛೇರಿಯ ಮಾತೇ ಮೊದಲು ಬರುತ್ತದೆ. ಅಲ್ಲಿ ಮೊದಲೇ ಗೊತ್ತಿದ್ದ ಹಾಡು ಇರಲಿಲ್ಲ. ನನ್ನ ಮಟ್ಟಿಗೆ ಅವನ ಸಾಧನೆಯ ಇನ್ನೊಂದು ತುದಿ 1999ರಲ್ಲಿ ಹೊರಬಂದ ‘ದ ಮೆಲೊಡಿ ಅಟ್ ನೈಟ್, ವಿತ್ ಯೂ’. ವಿಪರೀತ ಆಯಾಸದ ಕಾಯಿಲೆಗೆ ಬಿದ್ದು ಕಛೇರಿಗಳನ್ನು ನಿಲ್ಲಿಸಿದ್ದ ಕಾಲ ಅದು. ಮನೆಯ ಸ್ಟುಡಿಯೋದಲ್ಲಿ, ಶಕ್ತಿ ಇದ್ದಷ್ಟು ಹೊತ್ತು ಕೂತು, ಹೆಂಡತಿಗೆ ಕ್ರಿಸ್‌ಮಸ್ ಉಡುಗೊರೆಯಾಗಿ ರೆಕಾರ್ಡ್ ಮಾಡಿದ. ಗರ್ಶ್ವಿನ್‌ನ ‘ಐ ಲವ್ಸ್ ಯೂ, ಪೋರ್ಗಿ’, ಜಾನಪದದ ‘ಶೆನಂಡೋವಾ’ ಇಂಥ ಹಾಡುಗಳು. ಎಷ್ಟೋ ಕಡೆ ಮನೋಧರ್ಮದ ವಿಸ್ತಾರವೇ ಇಲ್ಲ, ಹಾಡು ಆರಂಭವಾಗಿ ಹಾಡಾಗಿಯೇ ಮುಗಿಯುತ್ತದೆ. ಸೋಮಾರಿತನದ ಸಂಗೀತ ಎಂದು ಇದನ್ನು ತಳ್ಳಿಹಾಕಿದವರೂ ಇದ್ದಾರೆ. ಅವರು ಕಾರ್ಡ್‌ಗಳನ್ನು ಮಾತ್ರ ಕೇಳಿರಬೇಕು. ‘ಶೆನಂಡೋವಾ’ದಲ್ಲಿ ಬಲಗೈಯ ಧಾಟಿ ಒಂದೊಂದು ವಾಕ್ಯದ ಕೊನೆಗೂ ಎಷ್ಟು ಹಗುರಾಗುತ್ತದೆಂದರೆ, ಮುಂದಿನ ವಾಕ್ಯದ ಮೊದಲ ಸ್ವರ ಹಿಂದಿನ ಸ್ವರ ಆರಿದ ಮಟ್ಟದಿಂದಲೇ ಶುರುವಾಗುತ್ತದೆ. ಬಡಿತದ ವಾದ್ಯದಲ್ಲಿ ಬಡಿತ ಕೇಳದಂತೆ ಒಂದು ಉಸಿರನ್ನು ಇನ್ನೊಂದಕ್ಕೆ ಬೆಸೆಯುವ ಈ ವಿದ್ಯೆ ಬೆರಳಿನ ಓಟಕ್ಕಿಂತ ಬಹಳ ಅಪರೂಪ. ಮಿಲಾನಿನ ಲಾ ಸ್ಕಾಲಾದಲ್ಲಿ 1995ರಲ್ಲಿ ದೀರ್ಘ ಕಛೇರಿಯ ಕೊನೆಗೆ ಅವನು ನುಡಿಸಿದ ‘ಓವರ್ ದ ರೇನ್‌ಬೋ’ದಲ್ಲೂ ಅದೇ ವಿದ್ಯೆ ಇದೆ. ಮೇಲಿನ ಷಡ್ಜಕ್ಕೆ ಹಾರಿದ ಮೇಲೆ ಅವನು ಕಾಯುತ್ತಾನೆ. ಒಳಧ್ವನಿಯೊಂದು ಕೆಳಗೆ ಸರಿದು ಆ ಸ್ವರಕ್ಕೆ ಇನ್ನಷ್ಟು ಆಯಸ್ಸು ಕೊಡುತ್ತದೆ. ಎವನ್ಸ್ ಮತ್ತು ಮಂಕ್ ಇಬ್ಬರಿಂದಲೂ ಕಲಿತ ಕೈ ಅದು.

ಇಲ್ಲಿಯವರೆಗಿನ ಅಮೆರಿಕದ ಹಾಡುಗಳಲ್ಲಿ ಹೆಚ್ಚಿನವು ಒಂದು ಅಚ್ಚಿನವು: ಬಹುತೇಕ 32 ಪಟ್ಟುಗಳು, ಹೆಜ್ಜೆ ಹೆಜ್ಜೆಗೂ ಬದಲಾಗುವ ಕಾರ್ಡ್‌ಗಳು, ನಡುವೆ ಬೇರೆ ಬಣ್ಣದ ಒಂದು ತಿರುವು. ಬ್ರಾಡ್‌ವೇ ನಾಟಕಗಳಿಗೂ ಸಿನಿಮಾಗಳಿಗೂ ಬರೆದ ಆ ಹಾಡುಗಳ ಹಾರ್ಮನಿ ಪಿಯಾನೋ ಮೇಲೆಯೇ ಹುಟ್ಟಿದ್ದು. ಅರವತ್ತರ ದಶಕದ ನಂತರದ ಹಾಡುಗಳು ಗಿಟಾರ್ ಮೇಲೆ, ಸ್ಟುಡಿಯೋ ಒಳಗೆ ಹುಟ್ಟಿದವು. ಕಾರ್ಡ್‌ಗಳು ಕಡಿಮೆ, ಹಾಡಿನ ಗುರುತು ಇರುವುದು ಒಂದು ಗಿಟಾರಿನ ಕರ್ಕಶತೆಯಲ್ಲೋ ಡ್ರಮ್ಮಿನ ಬಡಿತದಲ್ಲೋ. ಅದನ್ನು ಪಿಯಾನೋಗೆ ತಂದರೆ ಕೈಗೆ ಸಿಗುವುದು ಧಾಟಿ ಮತ್ತು ಮೂರ್ನಾಲ್ಕು ಕಾರ್ಡ್ ಮಾತ್ರ. ಈ ಗೋಡೆಯನ್ನು ಗಂಭೀರವಾಗಿ ಎದುರಿಸಿದವನು ಬ್ರ್ಯಾಡ್ ಮೆಲ್ಡಾವ್. 2004ರ ‘ಲೈವ್ ಇನ್ ಟೋಕಿಯೋ’ದಲ್ಲಿ ರೇಡಿಯೋಹೆಡ್ ತಂಡದ ‘ಪ್ಯಾರನಾಯ್ಡ್ ಆಂಡ್ರಾಯ್ಡ್’ ಅನ್ನು ಒಬ್ಬನೇ 20 ನಿಮಿಷದ ಹತ್ತಿರ ನುಡಿಸುತ್ತಾನೆ. ಮೂಲ ಹಾಡಿನ ಉದ್ದ ಅದರ ಮೂರನೇ ಒಂದು ಭಾಗದಷ್ಟು. ಎಡಗೈಯನ್ನು ಬರೀ ಆಧಾರಕ್ಕೆ ಇಡದೆ ಅದಕ್ಕೂ ಸ್ವತಂತ್ರ ಧಾಟಿಗಳನ್ನು ಕೊಟ್ಟು, ಒಂದೇ ಸ್ವರವನ್ನು ಪಟಪಟನೆ ಮರುಬಡಿಯುತ್ತ, ನಿಲ್ಲದ ಸ್ವರದಿಂದ ನಿಲ್ಲುವ ಗೋಡೆಯನ್ನೇ ಎಬ್ಬಿಸುತ್ತಾನೆ. ಶೂಬರ್ಟ್‌ನ ಕುದುರೆ ಸವಾರನ ಹಾಡಿನಲ್ಲಿ ಲಿಸ್ಟ್ ಉಳಿಸಿಕೊಂಡ ಮರುಬಡಿತ ಇಲ್ಲಿ ನೆನಪಾಗದೆ ಇರದು. ಕೆಲವೊಮ್ಮೆ ಮೆಲ್ಡಾವ್‌ಗೆ ನಿಲ್ಲಿಸುವುದು ಎಲ್ಲಿ ಎಂಬುದು ತಿಳಿಯುವುದಿಲ್ಲ ಎಂಬುದೂ ನಿಜ. 2023ರ ಬೀಟಲ್ಸ್ ಸಂಗ್ರಹದಲ್ಲಿ ಆ ಸಂಯಮ ಬಂದಿದೆ.

ಈಗ ಯೂಟ್ಯೂಬ್ ತೆರೆದರೆ ಕಾಣುವ ಕವರ್‌ಗಳತ್ತ ಬರೋಣ. ಬಣ್ಣದ ಪಟ್ಟಿಗಳು ಮೇಲಿಂದ ಜಾರಿ ಮನೆಗಳ ಮೇಲೆ ಬೀಳುವ ವಿಡಿಯೋಗಳು ಹೇರಳವಾಗಿವೆ. ಯಂತ್ರದ ಪಿಯಾನೋ ಮೇಲೆ ಬೆರಳಿಟ್ಟು ಕಲಿತ ಎಲಿಂಗ್ಟನ್‌ನ ದಾರಿಗೂ ಇದಕ್ಕೂ ಮೇಲ್ನೋಟದ ಸಾಮ್ಯವಿದೆ. ಆದರೆ ಎಲಿಂಗ್ಟನ್ ಕಲಿತದ್ದನ್ನು ಹೊತ್ತುಕೊಂಡು ನೇರವಾಗಿ ಪಾರ್ಟಿಗಳಿಗೆ ಹೋದ. ಪಕ್ಕದಲ್ಲಿ ನಿಂತವರು ಕಿವಿ ಹಿಂಡುತ್ತಿದ್ದರು. ಇಲ್ಲಿ ಕಲಿಯುವ ಹುಡುಗಿಗೆ ಯಾವ ಮನೆ ಎಂಬುದು ತಿಳಿಯುತ್ತದೆ, ಎಷ್ಟು ಗಟ್ಟಿ, ಯಾವಾಗ ಬೆರಳೆತ್ತಬೇಕು ಎಂಬುದು ತಿಳಿಯುವುದಿಲ್ಲ. ಎಡಗೈಯಲ್ಲಿ ಎಂಟು ಸ್ವರಗಳ ಒಂದೇ ಅಲೆ ಹಾಡಿನುದ್ದಕ್ಕೂ ಉರುಳುತ್ತದೆ. ಬಲಗೈ ಧಾಟಿಯನ್ನು ಜೋಡಿ ಸ್ಥಾಯಿಯಲ್ಲಿ ಹೊಡೆಯುತ್ತದೆ. ಪೆಡಲ್ ಒತ್ತಿದ್ದು ಒತ್ತಿಯೇ ಇರುತ್ತದೆ. ಸ್ವರ ಕರಗುವ ಸಮಸ್ಯೆಯನ್ನು ಪೆಡಲಿನ ಮಂಜಿನಲ್ಲಿ ಮುಚ್ಚಿಟ್ಟ ಹಾಗೆ. ಎಪ್ಪತ್ತರ ದಶಕದಲ್ಲಿ ಬೋಸ್ಟನ್ನಿನಲ್ಲಿ ಹುಟ್ಟಿದ ‘ರಿಯಲ್ ಬುಕ್’ ಕೂಡ ಇಂಥದ್ದೇ ಇನ್ನೊಂದು ಸಮರೂಪತೆಗೆ ಕಾರಣವಾಗಿತ್ತು: ಹಾಡಿಗೊಂದೇ ಕಾರ್ಡ್ ಸಾಲು, ಜಗತ್ತಿನೆಲ್ಲೆಡೆ ಅದೇ. ಆದರೆ ಅದರ ಹಾಳೆಯಲ್ಲಿ ಧಾಟಿ ಮತ್ತು ಕಾರ್ಡಿನ ಹೆಸರು ಮಾತ್ರ ಇರುತ್ತಿತ್ತು, ಉಳಿದದ್ದನ್ನು ನುಡಿಸುವವರೇ ಕಟ್ಟಬೇಕಿತ್ತು.

ನಮ್ಮ ಹಾಡುಗಳ ಮಟ್ಟಿಗೆ ಈ ಕಲೆಗೆ ಎರಡು ವಿಶೇಷ ತೊಡಕುಗಳಿವೆ, ಎರಡನ್ನೂ ಇನ್ನೂ ಯಾರೂ ಪೂರ್ತಿಯಾಗಿ ಎದುರಿಸಿದಂತಿಲ್ಲ. ಮೊದಲನೆಯದು ಗಮಕ. ಸಿ. ಅಶ್ವತ್ಥ್ ಅಥವಾ ಮೈಸೂರು ಅನಂತಸ್ವಾಮಿ ಒಂದು ಭಾವಗೀತೆಯ ಸಾಲಿನ ಕೊನೆಯ ಅಕ್ಷರವನ್ನು ಎಳೆದು ಜಾರಿಸಿದಾಗ, ಹಾಡು ಇರುವುದೇ ಆ ಜಾರಿಕೆಯಲ್ಲಿ. ಪಿಯಾನೋ ಕವರ್‌ಗಳು ಅಲ್ಲಿ ಎರಡು ಸ್ವರಗಳನ್ನು ಬೇಗಬೇಗ ಒತ್ತಿ ಮುಂದಕ್ಕೆ ಹೋಗುತ್ತವೆ. ಮಂಕ್‌ನ ಒತ್ತಿದ ಅರ್ಧಸ್ವರ, ಎವನ್ಸ್‌ನ ಒಳಧ್ವನಿ ಈ ಜಾಗಕ್ಕೆ ಒದಗಿ ಬರುವಂಥವು, ಆದರೆ ಕಾರ್ಡ್ ಆರಿಸುವಾಗ ರಾಗದ ಲಕ್ಷಣ ಗೊತ್ತಿರಬೇಕು. ಮೋಹನದಂಥ ಐದು ಸ್ವರದ ರಾಗದಲ್ಲಿ ಕಟ್ಟಿದ ಧಾಟಿ ಪಾಶ್ಚಾತ್ಯ ಕಾರ್ಡ್‌ಗಳಿಗೆ ಸುಲಭವಾಗಿ ಒಗ್ಗುತ್ತದೆ. ಶುಭಪಂತುವರಾಳಿಯ ಎಳೆ ಇರುವ ಸಾಲಿನಡಿ ಕೈಗೆ ಬಂದ ಮೈನರ್ ಕಾರ್ಡ್ ಇಟ್ಟರೆ ರಾಗದ ನೋವು ಹೋಗಿ ಬರೀ ಬೇಸರ ಉಳಿಯುತ್ತದೆ.

ಎರಡನೆಯದು ಇನ್ನೂ ಕುತೂಹಲದ್ದು. ಅಮೆರಿಕದ ಹಳೆಯ ಹಾಡುಗಳಲ್ಲಿ ಪಲ್ಲವಿ–ಚರಣಗಳ ನಡುವೆ ವಾದ್ಯಗಳ ನಿಗದಿಯಾದ ತುಣುಕು ಹಾಡಿನ ಭಾಗವಾಗಿ ಇರುತ್ತಿರಲಿಲ್ಲ. ನಮ್ಮ ಸಿನಿಮಾ ಹಾಡಿನಲ್ಲಿ ಅದು ಹಾಡಿನಷ್ಟೇ ಮುಖ್ಯ. ಇಳಯರಾಜ ಸಂಗೀತದ ‘ಗೀತಾ’ ಚಿತ್ರದ (1981) ಹಾಡುಗಳನ್ನೋ, ಮನೋ ಮೂರ್ತಿಯವರ ‘ಮುಂಗಾರು ಮಳೆ’ (2006) ಹಾಡುಗಳನ್ನೋ ಗುನುಗುವ ಯಾರೇ ಆದರೂ ನಡುವಿನ ಆ ವಾದ್ಯದ ಸಾಲುಗಳನ್ನೂ ಬಾಯಲ್ಲೇ ನುಡಿಸಿಕೊಂಡು ಚರಣಕ್ಕೆ ಬರುತ್ತಾರೆ. ಹಾಗಾಗಿ ಪಿಯಾನೋ ಮುಂದೆ ಕೂತವರು ಅದನ್ನು ಸ್ವರ ಬಿಡದೆ ಒಪ್ಪಿಸುತ್ತಾರೆ, ಒಪ್ಪಿಸದಿದ್ದರೆ ಕೇಳುವವರು ಮುನಿಯುತ್ತಾರೆ. ಸ್ವಂತದ್ದನ್ನು ಕಟ್ಟಲು ಹಾಡಿನಲ್ಲಿ ಬೇರೆ ಜಾಗವೇ ಉಳಿಯುವುದಿಲ್ಲ. ಬಹುಪಾಲು ಕನ್ನಡ ಕವರ್‌ಗಳು ನಕಲಿನಂತೆ ಕೇಳಿಸುವುದಕ್ಕೆ ಪ್ರತಿಭೆಯ ಕೊರತೆಗಿಂತ ಇದು ದೊಡ್ಡ ಕಾರಣ. ಇದಕ್ಕೊಂದು ದಾರಿಯಿದೆ: ಮೊದಲ ಇಂಟರ್‌ಲ್ಯೂಡನ್ನು (ನಡುವಿನ ವಾದ್ಯದ ತುಣುಕನ್ನು) ಇದ್ದ ಹಾಗೆ ನುಡಿಸಿ ಕೇಳುಗರ ನಂಬಿಕೆ ಗಳಿಸಿಕೊಂಡು, ಎರಡನೆಯದನ್ನು ಅದೇ ಉದ್ದದ, ಅದೇ ಕಾರ್ಡ್ ಹಾದಿಯ ಮೇಲೆ ಸ್ವಂತವಾಗಿ ಕಟ್ಟಬಹುದು. ಹದಿನಾರು ಪಟ್ಟು ಸಿಕ್ಕರೂ ಸಾಕು. ಚರಣ ಎತ್ತಿಕೊಳ್ಳುವ ಸ್ವರಕ್ಕೆ ಸರಿಯಾದ ಮಾತ್ರೆಯಲ್ಲಿ ಬಂದು ಸೇರುವ ಹೊಣೆ ಹೇಗೂ ಇದ್ದೇ ಇರುತ್ತದೆ, ಟೇಟಮ್‌ಗಿದ್ದ ಹಾಗೆ.